ಚೆನ್ನಾಗಿ ಪಾಠ ಮಾಡುವವರನ್ನು ವಿಶ್ವವಿದ್ಯಾಲಯ ಗುರುತಿಸುವ ಬಗೆ

ಸಂಶೋಧನೆಯನ್ನು ಅಳೆಯಲು ವಿಶ್ವವಿದ್ಯಾಲಯಗಳ ಬಳಿ ಹತ್ತಾರು ಅಳತೆಗೋಲುಗಳಿವೆ. ಒಬ್ಬ ಅಧ್ಯಾಪಕರು ತರಗತಿಯ ಬಾಗಿಲು ಮುಚ್ಚಿಕೊಂಡ ಮೇಲೆ ಏನು ಮಾಡುತ್ತಾರೆಂಬುದನ್ನು ಮಾತ್ರ ಅವರ ವಿದ್ಯಾರ್ಥಿಗಳಲ್ಲದೆ ಬೇರೆ ಯಾರೂ ಕಂಡಿರುವುದಿಲ್ಲ. ಉತ್ತಮ ಬೋಧನೆಗೆ ಮನ್ನಣೆ ಕೊಡುವ ಎಲ್ಲ ಪ್ರಯತ್ನಗಳಿಗೂ ಎದುರಾಗುವ ತೊಡಕು ಇದೇ. ಮೈಸೂರಿನಲ್ಲಿ ಓದಿ, ಈಗ ಹಲವು ವರ್ಷಗಳಿಂದ ಇಂಗ್ಲೆಂಡಿನಲ್ಲಿ ಪಾಠ ಹೇಳಿಕೊಂಡಿರುವ ನನಗೆ, ಇಲ್ಲಿನ ಪ್ರಶಸ್ತಿಗಳಿಗಿಂತ ಇಲ್ಲಿನ ಬಡ್ತಿಯ ನಿಯಮಗಳೇ ನಮ್ಮ ನಾಡಿಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ ಎನಿಸಿದೆ.

ಮೊದಲು ಪ್ರಶಸ್ತಿಯ ಮಾತು. ಇಲ್ಲಿನ ನ್ಯಾಷನಲ್ ಟೀಚಿಂಗ್ ಫೆಲೋಶಿಪ್ ಆರಂಭವಾದದ್ದು 2000ದಲ್ಲಿ. ಮೊದಲ ವರ್ಷ ಆಯ್ಕೆಯಾದ 20 ಅಧ್ಯಾಪಕರಿಗೆ ತಲಾ 50,000 ಪೌಂಡ್ ದೊರಕಿತು. ಆಮೇಲಿನ ವರ್ಷಗಳಲ್ಲಿ ಆಯ್ಕೆಯಾಗುವವರ ಸಂಖ್ಯೆ ಏರಿತು, ಹಣ ಇಳಿಯುತ್ತ ಬಂತು. ಪ್ರತಿ ವಿಶ್ವವಿದ್ಯಾಲಯವೂ ತನ್ನ ಕೆಲವೇ ಅಧ್ಯಾಪಕರ ಹೆಸರನ್ನು ಕಳಿಸಬಹುದು. ಹೆಸರು ಹೋದವರು ತಮ್ಮ ಪಾಠ ಹೇಗಿದೆ, ಸಹೋದ್ಯೋಗಿಗಳ ಪಾಠ ತಮ್ಮಿಂದ ಹೇಗೆ ಸುಧಾರಿಸಿದೆ, ತಾವು ಇನ್ನೂ ಏನನ್ನು ಕಲಿಯುತ್ತಿದ್ದೇವೆ ಎಂಬ ಮೂರು ಸಂಗತಿಗಳನ್ನು ಪುರಾವೆಸಹಿತ ದೀರ್ಘವಾಗಿ ಬರೆದುಕೊಡಬೇಕು. ಎರಡನೆಯ ಪ್ರಶ್ನೆ ನನಗೆ ಬಹಳ ಇಷ್ಟ: ಒಬ್ಬರೇ ಮೆರೆಯುವ ವಾಗ್ಮಿಗಿಂತ ಇಡೀ ವಿಭಾಗವನ್ನು ಎತ್ತಿ ನಿಲ್ಲಿಸುವ ಅಧ್ಯಾಪಕರನ್ನು ಅದು ಹುಡುಕುತ್ತದೆ. ಆದರೆ ಕೊನೆಗೆ ಗೆಲ್ಲುವುದು ಚೆನ್ನಾಗಿ ಬರೆಯಬಲ್ಲವರೇ ಎಂಬ ದೂರನ್ನು ಸುಳ್ಳೆನ್ನಲಾರೆ. ‘ಅರ್ಜಿ ಹಾಕಿ ಪಡೆಯುವ ಪ್ರಶಸ್ತಿಯೂ ಒಂದು ಪ್ರಶಸ್ತಿಯೇ?’ ಎಂದು ನಮ್ಮಲ್ಲಿ ರಾಜ್ಯೋತ್ಸವದ ಹೊತ್ತಿಗೆ ಏಳುವ ಪ್ರಶ್ನೆಯನ್ನು ಇಲ್ಲಿಯೂ ಕೇಳಬಹುದು.

ಇದಕ್ಕೆ ಎದುರಾದ ದಾರಿ ವಿದ್ಯಾರ್ಥಿಗಳದು. ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘವು 2008–09ರ ಸಾಲಿನಲ್ಲಿ ಅಧ್ಯಾಪಕರಿಗೆ ತಾನೇ ಪ್ರಶಸ್ತಿ ಕೊಡಲಾರಂಭಿಸಿತು. ಅನಂತರ ಈ ಪದ್ಧತಿ ಬ್ರಿಟನ್ನಿನ ಬಹಳಷ್ಟು ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ಇದರಲ್ಲಿ ಬೆಲೆಯಿರುವುದು ಫಲಕಕ್ಕಲ್ಲ, ಹೆಸರು ಸೂಚಿಸುವಾಗ ವಿದ್ಯಾರ್ಥಿಗಳು ಬರೆಯುವ ನಾಲ್ಕು ಸಾಲಿನ ಕಾರಣಕ್ಕೆ. ತಪ್ಪು ಉತ್ತರ ಹೇಳಿದವನನ್ನು ನಗೆಪಾಟಲು ಮಾಡದೆ ಆ ತಪ್ಪಿನಿಂದಲೇ ಪಾಠವನ್ನು ಮುಂದುವರಿಸಿದರು, ತಿದ್ದಿದ ಪ್ರಬಂಧವನ್ನು ಮುಂದಿನದನ್ನು ಬರೆಯುವ ಮೊದಲೇ ಮರಳಿಸಿದರು ಎಂಬಂಥ ವಿವರಗಳು ಯಾವ ಅಂಕಪಟ್ಟಿಯಲ್ಲಿಯೂ ಕಾಣಸಿಗುವುದಿಲ್ಲ.

ಹಾಗೆಂದು ವಿದ್ಯಾರ್ಥಿಗಳು ಒಂದರಿಂದ ಐದರವರೆಗೆ ಹಾಕುವ ಅಂಕಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆನ್‌ಲೈನ್ ತರಗತಿಯ ಸಹಾಯಕ ಬೋಧಕರಿಬ್ಬರು, ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು, ತಲಾ ಒಂದು ಗುಂಪಿಗೆ ತಮ್ಮ ನಿಜವಾದ ಗುರುತಿನಿಂದಲೂ ಇನ್ನೊಂದಕ್ಕೆ ಪರಸ್ಪರರ ಗುರುತಿನಿಂದಲೂ ಪಾಠ ಮಾಡಿದರು. ಪಾಠ ಮಾಡಿದವರು ಯಾರೇ ಆಗಿರಲಿ, ಗಂಡಸೆಂದು ಭಾವಿಸಿದವರಿಗೇ ವಿದ್ಯಾರ್ಥಿಗಳು ಹೆಚ್ಚು ಅಂಕ ಕೊಟ್ಟರು. ಅಧ್ಯಯನ ಸಣ್ಣದು, ಆದರೂ ಬೇರೆ ದೇಶದ ಉಚ್ಚಾರಣೆಯಲ್ಲಿ ಇಂಗ್ಲಿಷ್ ಮಾತಾಡುವ ನನ್ನಂಥವರಿಗೆ ಅದರ ಫಲಿತಾಂಶ ಆಶ್ಚರ್ಯ ತರಲಿಲ್ಲ. ಕೆನಡಾದ ಟೊರಾಂಟೊದಲ್ಲಿ ಆಗ ರೈಯರ್‌ಸನ್ ಎಂಬ ಹೆಸರಿದ್ದ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ, ಬಡ್ತಿ ನೀಡುವಾಗ ಬೋಧನೆಯ ಪರಿಣಾಮವನ್ನು ಇಂಥ ಅಂಕಗಳಿಂದ ಅಳೆಯಕೂಡದೆಂದು ಮಧ್ಯಸ್ಥಗಾರರು 2018ರಲ್ಲಿ ತೀರ್ಪಿತ್ತರು.

ಬ್ರಿಟನ್ ಸರ್ಕಾರವು 2017ರಲ್ಲಿ ವಿಶ್ವವಿದ್ಯಾಲಯಗಳಿಗೇ ಬೋಧನೆಗಾಗಿ ಚಿನ್ನ, ಬೆಳ್ಳಿ, ಕಂಚಿನ ದರ್ಜೆ ಕೊಟ್ಟದ್ದನ್ನೂ ಹೇಳಬೇಕು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಕಂಚು ಬಂದದ್ದು ದೊಡ್ಡ ಸುದ್ದಿಯಾಯಿತು. ವಿದ್ಯಾರ್ಥಿಗಳ ಸಮೀಕ್ಷೆ, ಓದನ್ನು ನಡುವೆ ಬಿಟ್ಟವರ ಪ್ರಮಾಣ, ಓದಿದ ಮೇಲಿನ ಉದ್ಯೋಗ, ಜೊತೆಗೆ ಸಂಸ್ಥೆಯೇ ಬರೆದ ನಿವೇದನೆ, ಇವುಗಳ ಆಧಾರದ ಮೇಲೆ ನಡೆದ ಆ ಮೌಲ್ಯಮಾಪನಕ್ಕಾಗಿ ಯಾರೂ ಒಂದು ತರಗತಿಯೊಳಗೂ ಹೋಗಿ ಕೂತಿರಲಿಲ್ಲ.

ನಾನು ಮೆಚ್ಚುವ ವ್ಯವಸ್ಥೆ ಇವೆಲ್ಲಕ್ಕಿಂತ ಸಪ್ಪೆಯಾದದ್ದು, ಪತ್ರಿಕೆಯಲ್ಲಿ ಸುದ್ದಿಯಾಗದಂಥದ್ದು. ಇಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಹೊಸ ಅಧ್ಯಾಪಕರು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿಯೇ ಬೋಧನೆಯ ಬಗ್ಗೆ ಒಂದು ಕೋರ್ಸು ಮುಗಿಸಬೇಕು. ಸಹೋದ್ಯೋಗಿಯೊಬ್ಬರು ಅವರ ತರಗತಿಗೆ ಬಂದು ಹಿಂದಿನ ಸಾಲಿನಲ್ಲಿ ಕೂತು, ಆಮೇಲೆ ಮಾತಾಡಿ, ಕಂಡದ್ದನ್ನು ಬರೆದುಕೊಡುತ್ತಾರೆ. ಅವರೂ ಇತರರ ತರಗತಿಗೆ ಹೋಗುತ್ತಾರೆ. ಹೀಗೆ ಸೇರಿದ ಕಾಗದಗಳ ಬಲದಿಂದ, ಬೋಧನೆಯನ್ನೇ ಮುಖ್ಯ ಕೆಲಸವಾಗಿ ಆರಿಸಿಕೊಂಡವರು ಪ್ರಾಧ್ಯಾಪಕ ಹುದ್ದೆಯವರೆಗೂ ಏರಬಹುದು. ಸಂಶೋಧನೆಯ ದಾರಿಗಿಂತ ಈ ದಾರಿ ಇಂದಿಗೂ ಕಿರಿದು, ಅದರಲ್ಲಿ ಹೋದವರನ್ನು ಸ್ವಲ್ಪ ಕೆಳಗಿಟ್ಟು ನೋಡುವವರೂ ಇದ್ದಾರೆ. ಆದರೆ ದಾರಿಯಂತೂ ಇದೆ.

ನಮ್ಮ ನಾಡಿನಲ್ಲಿ ಕೃತಜ್ಞತೆಗೆ ಎಂದೂ ಕೊರತೆ ಇರಲಿಲ್ಲ. 1921ರಲ್ಲಿ ರಾಧಾಕೃಷ್ಣನ್ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ಗಾಡಿಯನ್ನು ತಾವೇ ಎಳೆದದ್ದು, ಬಿ.ಎಂ. ಶ್ರೀಕಂಠಯ್ಯನವರಿಗೆ 1941ರಲ್ಲಿ ಸಂಭಾವನಾ ಗ್ರಂಥ ಅರ್ಪಿತವಾದದ್ದು, ಕುವೆಂಪು ತಮ್ಮ ಮಹಾಕಾವ್ಯವನ್ನು ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದ್ದು, ಇವುಗಳಿಗೆ ಸಮನಾದ ಮನ್ನಣೆಯನ್ನು ನಾನು ಇಂಗ್ಲೆಂಡಿನಲ್ಲಿ ಕಂಡಿಲ್ಲ. ಆದರೆ ಇಂಥ ಗೌರವ ಬಹುಪಾಲು ಬೀಳ್ಕೊಡುಗೆಯ ದಿನವೋ ನಿವೃತ್ತಿಯ ಬಳಿಕವೋ ಬರುತ್ತದೆ; ವೆಂಕಣ್ಣಯ್ಯನವರಿಗಂತೂ ತೀರಿಕೊಂಡ ಮೇಲೆ ಬಂತು. ಆ ಗುರುಗಳು ಪಾಠ ಮಾಡುತ್ತಿದ್ದ ಬಗೆ ಶಿಷ್ಯರ ನೆನಪಿನಲ್ಲಿ ಉಳಿಯುತ್ತದೆಯೇ ಹೊರತು ವಿಭಾಗಕ್ಕೆ ದಕ್ಕುವುದಿಲ್ಲ.

ನಿಯಮಾವಳಿಯಲ್ಲಿ ಬೋಧನೆಗೆ ಸಿಕ್ಕಿರುವ ಸ್ಥಾನವನ್ನು ನೋಡಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಗಳ ಪ್ರಕಾರ, ವಹಿಸಿದ ತರಗತಿಗಳಲ್ಲಿ ಶೇ. 80 ಅಥವಾ ಹೆಚ್ಚನ್ನು ತೆಗೆದುಕೊಂಡರೆ ಬೋಧನೆ ‘ಉತ್ತಮ’, ಶೇ. 70ರಿಂದ 80ರ ಒಳಗಿದ್ದರೆ ‘ತೃಪ್ತಿಕರ’. ಇದು ಹಾಜರಿಯ ಲೆಕ್ಕ. ಪಾಠದ ಗುಣ ಇದರಲ್ಲಿ ಎಲ್ಲಿ ಬಂತು? ಮೇಲಿನ ಹುದ್ದೆಗಳಿಗೆ ಏರಬೇಕಾದಾಗ ಸಂಶೋಧನಾ ಪ್ರಕಟಣೆಗಳೇ ಆಧಾರವಾದ್ದರಿಂದ, ಹಣ ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. 2018ರಲ್ಲಿ ಯುಜಿಸಿ ತಾನೇ ಮಾನ್ಯಮಾಡಿದ್ದ ಪತ್ರಿಕೆಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕೈಬಿಡಬೇಕಾಯಿತು. 2023ರಿಂದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಉನ್ನತ ಶಿಕ್ಷಣಕ್ಕೂ ವಿಸ್ತರಿಸಿದ್ದು ಸಂತೋಷದ ಸಂಗತಿಯೇ, ಆದರೆ ಇಡೀ ದೇಶಕ್ಕೆ ಆ ವರ್ಷ ಆಯ್ಕೆಯಾದವರು 13 ಮಂದಿ. ಅಷ್ಟರಿಂದ ಒಂದು ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿನ ಪಾಠ ಬದಲಾಗುವುದಿಲ್ಲ.

ಸಹೋದ್ಯೋಗಿಗಳು ತರಗತಿಯಲ್ಲಿ ಕೂರುವ ಪದ್ಧತಿಯನ್ನು ನಮ್ಮಲ್ಲಿಗೆ ತಂದರೆ ಅದು ಗುಂಪುಗಾರಿಕೆಗೂ ಜಾತಿ ಲೆಕ್ಕಾಚಾರಕ್ಕೂ ಇನ್ನೊಂದು ಅಸ್ತ್ರವಾಗುತ್ತದೆ ಎಂದು ಊರಿನ ಗೆಳೆಯರು ಎಚ್ಚರಿಸುತ್ತಾರೆ. ಅವರ ಭಯ ನಿರಾಧಾರವಲ್ಲ. ನೋಡಲು ಬರುವವರು ಬೇರೆ ಕಾಲೇಜಿನವರಾಗಿರಬೇಕು, ಇಬ್ಬರಿಗಿಂತ ಕಡಿಮೆ ಇರಬಾರದು, ಅವರು ಬರೆದದ್ದು ಅಧ್ಯಾಪಕರ ಕೈಗೆ ಸಿಕ್ಕಿ ಅದಕ್ಕೆ ಉತ್ತರಿಸುವ ಅವಕಾಶವಿರಬೇಕು ಎಂಬಷ್ಟು ಕಟ್ಟುಪಾಡು ಹಾಕಿಕೊಳ್ಳಬಹುದು. ಅದಕ್ಕಿಂತ ಮೊದಲು ಆಗಬೇಕಾದ ಇನ್ನೊಂದು ಕೆಲಸವಿದೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಹೊರೆಯನ್ನು ಹೊತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ವರ್ಷದಿಂದ ವರ್ಷಕ್ಕೆ ಹೊಸದಾಗಿ ನೇಮಕವಾಗುವ ಅವರ ಪಾಲಿಗೆ ಬಡ್ತಿಯೂ ಇಲ್ಲ, ಪಾಠ ಹೇಗಿತ್ತೆಂದು ಬರೆದಿಡುವ ಕಡತವೂ ಇಲ್ಲ. ತರಗತಿಯನ್ನು ಕಂಡು ಬರೆದ ಟಿಪ್ಪಣಿಗಳು ಮೊದಲು ಅವರ ಹೆಸರಿನಲ್ಲಿ ಸೇರಲಿ, ಮರುವರ್ಷದ ನೇಮಕಾತಿಯಲ್ಲಿ ಅವುಗಳಿಗೆ ಅಂಕವಿರಲಿ. ಕಾಯಂ ಅಧ್ಯಾಪಕರ ಸರದಿ ಆಮೇಲೆ ಬಂದರೂ ನಡೆಯುತ್ತದೆ.