ಕೆಜಿಎಫ್‌ನ ಸೈನೈಡ್ ದಿಬ್ಬದಿಂದ ಮತ್ತೆ ಚಿನ್ನ ತೆಗೆಯಬೇಕಾ?

ಪರ

ಆಷಾಢದ ಗಾಳಿ ಶುರುವಾದರೆ ನಮ್ಮನೆಯಲ್ಲಿ ಬಟ್ಟೆ ಹೊರಗೆ ಒಣಗಿಸುವುದಿಲ್ಲ. ಬೆಳಿಗ್ಗೆ ಕಿಟಕಿ ಮೇಲೆ ಬೆರಳಾಡಿಸಿದರೆ ಬೂದಿಯಂಥ ನುಣ್ಣನೆ ಪುಡಿ ಅಂಟುತ್ತದೆ. ನೀರಿನ ಕೊಡಕ್ಕೆ ಬಟ್ಟೆ ಕಟ್ಟಿದರೂ ಅಷ್ಟೆ, ತಳದಲ್ಲಿ ಒಂದಿಷ್ಟು ಕೂತಿರುತ್ತದೆ. ಇದೇ ಸೈನೈಡ್ ದಿಬ್ಬದ ಮಣ್ಣು. ಗಣಿಯ ಕಲ್ಲನ್ನು ಹಿಟ್ಟಿನ ಹಾಗೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿಕೊಂಡು, ಉಳಿದದ್ದನ್ನು ಊರ ಪಕ್ಕದಲ್ಲೇ ಸುರಿದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ದಿಬ್ಬ ಹಾಗೇ ಉಳಿಯಿತು.

13 ದಿಬ್ಬ, ಸಾವಿರ ಎಕರೆ, 3.3 ಕೋಟಿ ಟನ್ ಮಣ್ಣು, ಒಳಗೆ ಅಂದಾಜು 23 ಟನ್ ಚಿನ್ನ. ಇಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ನಮ್ಮವರು ಮೂರು ಕಿಲೋಮೀಟರ್ ಆಳಕ್ಕೆ ಇಳಿಯುತ್ತಿದ್ದರು, ಬಂಡೆ ಸಿಡಿದು ಸತ್ತವರೂ ಇದ್ದಾರೆ. ಇಲ್ಲಿ ಯಾರೂ ಇಳಿಯಬೇಕಿಲ್ಲ. ಕಲ್ಲು ಒಡೆದು ಅರೆಯುವ ದುಬಾರಿ ಕೆಲಸವನ್ನು ಅಜ್ಜಂದಿರೇ ಮುಗಿಸಿಟ್ಟು ಹೋಗಿದ್ದಾರೆ! ಕರಗಿದ ಚಿನ್ನವನ್ನು ತೆಂಗಿನ ಚಿಪ್ಪಿನ ಇದ್ದಿಲಿಗೆ ಅಂಟಿಸಿ ತೆಗೆಯುವ ವಿಧಾನ ಈಗ ಇದೆ, ಹಳೇ ಮಿಲ್‌ಗಳು ಬಿಟ್ಟಿದ್ದರಲ್ಲಿ ಒಂದಷ್ಟಾದರೂ ಕೈಗೆ ಬರುತ್ತದೆ. 2024ರ ಜೂನ್‌ನಲ್ಲಿ ರಾಜ್ಯ ಸಂಪುಟವೂ ಒಪ್ಪಿದೆ. ಇಲ್ಲಿನ ಹುಡುಗರು ಕತ್ತಲಲ್ಲೇ ಎದ್ದು ಬೆಂಗಳೂರಿನ ರೈಲು ಹಿಡಿಯುತ್ತಾರೆ. ಊರಲ್ಲೇ ನಾಲ್ಕು ಜನಕ್ಕೆ ಕೆಲಸ ಸಿಕ್ಕರೆ ಬೇಡ ಅನ್ನೋಕಾಗುತ್ತಾ?

ವಿರೋಧ

ಧೂಳಿನ ಮಾತು ನಿಜ, ಅದರಲ್ಲಿ ಜಗಳವಿಲ್ಲ. ಆದರೆ 23 ಟನ್ ಅಂದ ಕೂಡಲೇ ಬಾಯಿ ಬಿಡುವ ಮೊದಲು ಒಂದು ಲೆಕ್ಕ ಹಾಕಿ. ಟನ್ ಮಣ್ಣಿಗೆ ಸುಮಾರು 0.7 ಗ್ರಾಂ. ಹತ್ತು ಟನ್ ಲಾರಿ ಭರ್ತಿ ಹೊತ್ತರೆ 7 ಗ್ರಾಂ, ಅದೂ ಒಂದು ಚೂರೂ ಬಿಡದೆ ಸಿಕ್ಕರೆ. ಸವರನ್ ಅಂದರೆ 8 ಗ್ರಾಂ. ಒಂದು ಲಾರಿಗೆ ಒಂದು ಸವರನ್ ಕೂಡ ಇಲ್ಲ. ಚಿನ್ನ ತೆಗೆದ ಮೇಲೆ ಮಿಕ್ಕಿದ ಹತ್ತು ಟನ್ ಎಲ್ಲಿಗೆ ಹೋಗುತ್ತದೆ? ಇನ್ನೊಂದು ದಿಬ್ಬಕ್ಕೆ, ಅಲ್ವಾ. ಹಳೇ ಸೈನೈಡ್ ಬಿಸಿಲು ಗಾಳಿಗೆ ಬಹುಪಾಲು ಒಡೆದುಹೋಗಿರುತ್ತದೆ, ಈಗ ಹೊಸದನ್ನು ಸುರಿಯಬೇಕು.

ನೀರಿನ ಮಾತಂತೂ ಯಾರೂ ಎತ್ತುವುದಿಲ್ಲ. ಮಣ್ಣನ್ನು ಗಂಜಿಯ ಹಾಗೆ ಕಲಸದೆ ಚಿನ್ನ ಬಿಡುವುದಿಲ್ಲ, 3.3 ಕೋಟಿ ಟನ್ ಕಲಸೋದಕ್ಕೆ ನೀರು ಯಾವ ಕೆರೆಯದ್ದು? ಕೋಲಾರಕ್ಕೆ ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲ. 2018ರಿಂದ ಬೆಂಗಳೂರಿನ ಚರಂಡಿ ನೀರನ್ನೇ ಶುದ್ಧ ಮಾಡಿ ನಮ್ಮ ಕೆರೆಗೆ ಬಿಡುತ್ತಿದ್ದಾರೆ, ಆ ಸ್ಥಿತಿ ನಮ್ಮದು.

ಕೆಲಸ ಅಂದಿರಿ. ಜೆಸಿಬಿ, ಟಿಪ್ಪರ್, ಪಂಪು, ಇವು ಮಾಡುವ ಕೆಲಸಕ್ಕೆ ಎಷ್ಟು ಹುಡುಗರು ಬೇಕು? ಸೆಕ್ಯುರಿಟಿಗೆ ಒಂದಿಷ್ಟು ಜನ. ಇನ್ನು ಧೂಳಿಗೆ ದಿಬ್ಬವನ್ನೇ ಕೆದಕಬೇಕು ಅಂತೇನಿಲ್ಲ. ಮೇಲೆ ಒಳ್ಳೆ ಮಣ್ಣು ಹಾಸಿ, ಬರಕ್ಕೆ ತಡೆಯುವ ಹುಲ್ಲು ಗಿಡ ಹಿಡಿಸಿದರೂ ಧೂಳು ಕೂರುತ್ತದೆ. ಅದರಲ್ಲಿ ಚಿನ್ನ ಸಿಗೋದಿಲ್ಲ, ಹಾಗಾಗಿ ಟೆಂಡರ್ ಕರೆಯೋರೂ ಇಲ್ಲ.