ರೋಮನ್ ಸೈನಿಕನ ನಡುಪಟ್ಟಿಗೆ ಯಾವ ಕೆಂಪು?

ಕ್ರಿಸ್ತಶಕ ನಾಲ್ಕನೆಯ ಶತಮಾನದ ರೋಮನ್ ಸೈನಿಕನಿಗೆ ನಡುಪಟ್ಟಿಯೆಂದರೆ ಉಡುಪು ಜಾರದಂತೆ ಬಿಗಿಯುವ ಸಾಧನವಷ್ಟೇ ಆಗಿರಲಿಲ್ಲ, ಅವನ ನೌಕರಿಯ ಗುರುತೇ ಅದಾಗಿತ್ತು. 298ರಲ್ಲಿ ಉತ್ತರ ಆಫ್ರಿಕದ ಮಾರ್ಸೆಲಸ್ ಎಂಬ ಶತಾಧಿಪತಿ ಸೈನ್ಯದ ಧ್ವಜಗಳೆದುರು ತನ್ನ ನಡುಪಟ್ಟಿಯನ್ನು ಕಳಚಿ ಎಸೆದದ್ದೇ ರಾಜೀನಾಮೆ ಎನಿಸಿತು. ಅದಕ್ಕಾಗಿ ಅವನ ತಲೆಯನ್ನೂ ತೆಗೆದರು. ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದ ಆ ಪಟ್ಟಿಯ ಬಣ್ಣ ಯಾವುದೆಂದು ವಿಚಾರಣೆಯ ಗುಮಾಸ್ತನು ಒಂದು ಪದ ಗೀಚಿಟ್ಟಿದ್ದರೆ, ಇಂಗ್ಲೆಂಡಿನಲ್ಲಿ ರೋಮನ್ ಸೈನಿಕರ ವೇಷ ಹಾಕುವ ನಮ್ಮ ಹವ್ಯಾಸಿ ಬಳಗದಲ್ಲಿ ಎಷ್ಟೋ ಜಗಳಗಳು ತಪ್ಪುತ್ತಿದ್ದವು.

ಮಣ್ಣಿನಿಂದ ಸಿಗುವ ಸಾಕ್ಷ್ಯವೂ ನಂಬಿಕೆಗೆ ಅರ್ಹವಲ್ಲ. 1874ರಲ್ಲಿ ಥೇಮ್ಸ್ ದಂಡೆಯ ಡಾರ್ಚೆಸ್ಟರ್‌ನಲ್ಲಿ ಸಿಕ್ಕ ಪ್ರಸಿದ್ಧ ಸಮಾಧಿಯಲ್ಲಿ ಬಕಲ್ಲು, ಬಿಲ್ಲೆಗಳು ಉಳಿದವು, ಚರ್ಮ ಕೊಳೆತು ಹೋಗಿತ್ತು. ಉತ್ತರ ಇಂಗ್ಲೆಂಡಿನ ರೋಮನ್ ಕೋಟೆ ವಿಂಡೊಲಾಂಡದ ಜೌಗು ಮಣ್ಣಿನಲ್ಲಿ ಸಾವಿರಾರು ಪಾದರಕ್ಷೆಗಳೇನೋ ಉಳಿದಿವೆ, ಆದರೆ ಅಷ್ಟು ಕಾಲ ಕೆಸರಿನಲ್ಲಿ ನೆನೆದ ಚರ್ಮ ಮೊದಲು ಯಾವ ಬಣ್ಣದ್ದಾಗಿದ್ದರೂ ಈಗ ಕಪ್ಪುಗಂದು. ಸಿಸಿಲಿಯ ಪಿಯಾಜಾ ಅರ್ಮೆರಿನಾದ ಮೊಸಾಯಿಕ್ ಚಿತ್ರಗಳನ್ನು ಎದುರಿಗಿಟ್ಟುಕೊಂಡರೆ ಒಬ್ಬರಿಗೆ ಕೆಂಪೆನಿಸಿದ ಪಟ್ಟಿ ಇನ್ನೊಬ್ಬರಿಗೆ ಕಂದು. ಆರನೆಯ ಶತಮಾನದ ಬರಹಗಾರ ಜಾನ್ ಲೈಡಸ್ ಮಾತ್ರ ಉನ್ನತಾಧಿಕಾರಿಯೊಬ್ಬನ ಪಟ್ಟಿಯನ್ನು ಕಡುಗೆಂಪು ಚರ್ಮದ್ದೆಂದು ಸ್ಪಷ್ಟವಾಗಿ ಬರೆದಿದ್ದಾನೆ. ನಮ್ಮಲ್ಲಿರುವವರೆಲ್ಲ ಕಾಲಾಳುಗಳು, ಆದರೂ ಬಹುಮತ ಕೆಂಪಿಗೇ ಬಿತ್ತು.

ಕಿರಿಯನೊಬ್ಬ ನೇರಳೆ ಬೇಕೆಂದು ಹಟ ಹಿಡಿದಿದ್ದ. ಪುರಾವೆ ಕೇಳುವುದಕ್ಕೆಂದೇ ಹುಟ್ಟಿದಂತಿರುವ ನಮ್ಮ ಹಿರಿಯ ಸದಸ್ಯರು ಅವನನ್ನು ಕೂರಿಸಿಕೊಂಡು, 301ರಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ ಹೊರಡಿಸಿದ ಬೆಲೆ ನಿಯಂತ್ರಣದ ಶಾಸನದಲ್ಲಿ ನೇರಳೆ ಬಣ್ಣದ ರೇಷ್ಮೆಗೆ ಪೌಂಡಿಗೆ 1,50,000 ಡಿನೇರಿಯಸ್ ನಾಣ್ಯ ಎಂದಿದೆ, ಹೊಲದ ಕೂಲಿಯವನಿಗೆ ಊಟದ ಜೊತೆ ದಿನಕ್ಕೆ 25 ಎಂದಿದೆ, ಲೆಕ್ಕ ಹಾಕಿಕೋ ಎಂದರು. ಆರು ಸಾವಿರ ದಿನದ ಕೂಲಿ. ಹುಡುಗ ಅಲ್ಲಿಗೆ ತಣ್ಣಗಾದ.

ಸೈನಿಕನ ಕೈಗೆಟುಕುವ ಕೆಂಪು ಎಂದರೆ ಮಂಜಿಷ್ಠದ ಬೇರಿನ ಕೆಂಪು. ಈ ಹೆಸರು ಕಿವಿಗೆ ಬಿದ್ದೊಡನೆ ನಾನು ಉತ್ಸಾಹದಿಂದ ಊರಿಗೆ ಫೋನ್ ಮಾಡಿದೆ. ಅಮ್ಮ ಮೈಸೂರಿನ ಗ್ರಂಥಿಗೆ ಅಂಗಡಿಯಿಂದ ದೊಡ್ಡ ಪೊಟ್ಟಣವನ್ನೇ ತರಿಸಿ ಕಳುಹಿಸಿದರು. "ಜೇನುತುಪ್ಪದಲ್ಲಿ ಕಲಸಿ ಹಚ್ಚಿಕೋಬೇಕಂತೆ ಕಣೋ, ಮುಖದ ಕಪ್ಪು ಕಲೆ ಹೋಗುತ್ತಂತೆ" ಎಂದು ಸಲಹೆಯನ್ನೂ ಕೊಟ್ಟರು. ನಡುಪಟ್ಟಿಯ ವಿಷಯ ಎತ್ತುವ ಧೈರ್ಯ ನನಗಾಗಲಿಲ್ಲ. ಹಿರಿಯ ಸದಸ್ಯರು ಪೊಟ್ಟಣವನ್ನು ಮೂಸಿ ನೋಡಿ, ರೋಮನ್ನರ ಗಿಡದಲ್ಲಿ ಅಲಿಜರಿನ್ ಎಂಬ ಬಣ್ಣದ ಅಂಶ ಪ್ರಧಾನವೆಂದೂ ನಿಮ್ಮ ಗಿಡದಲ್ಲಿ ಪರ್ಪುರಿನ್, ಮಂಜಿಸ್ಟಿನ್‌ಗಳದೇ ದರಬಾರೆಂದೂ ತೀರ್ಪಿತ್ತು, ಅದು ದಾಯಾದಿ ಗಿಡ, ಖುದ್ದು ವಾರಸುದಾರನಲ್ಲ ಎಂದು ಹಿಂದಿರುಗಿಸಿದರು. ಹತ್ತು ಹೆಜ್ಜೆ ದೂರದಲ್ಲಿ ನಿಂತ ಪ್ರೇಕ್ಷಕನ ಕಣ್ಣು ಅಲಿಜರಿನ್ನನ್ನು ಬೇರೆಯಾಗಿ ಗುರುತಿಸುತ್ತದೆಯೇ ಎಂಬ ನನ್ನ ಪ್ರಶ್ನೆ ಸಭೆಯ ನಡಾವಳಿಯಲ್ಲಿ ಸೇರಲಿಲ್ಲ.

ಕೊನೆಗೆ ಶಾಸ್ತ್ರೋಕ್ತವಾದ ಬೇರು ಬಂತು. ಓಕ್ ತೊಗಟೆಯಲ್ಲಿ ಹದ ಮಾಡಿದ ಚರ್ಮವನ್ನು ಪಟಿಕದ ನೀರಿನಲ್ಲಿ ನೆನೆಸಿ, ಬೇರಿನ ಕಷಾಯಕ್ಕೆ ಇಳಿಸಬೇಕು; ನೀರು ಕುದಿಯುವಂತಿಲ್ಲ, ಕುದಿದರೆ ಬೇರಿನ ಕೆಂಪು ಕಂದಾಗುತ್ತದೆ, ಚರ್ಮ ಹಪ್ಪಳದಂತೆ ಸುರುಟಿಕೊಳ್ಳುತ್ತದೆ. ಇಷ್ಟೂ ಎಚ್ಚರ ವಹಿಸಿದ ಹಿರಿಯರು ಸ್ಟೀಲ್ ಪಾತ್ರೆ ಆ ಕಾಲದ್ದಲ್ಲವೆಂದು ತಮ್ಮ ಮನೆಯ ಹಳೆಯ ಕಬ್ಬಿಣದ ಕೊಪ್ಪರಿಗೆಯನ್ನೇ ಒಲೆಯ ಮೇಲಿಟ್ಟರು. ತೊಗಟೆಯ ಒಗರು ಕಬ್ಬಿಣವನ್ನು ಸಂಧಿಸಿದರೆ ಏನಾಗುತ್ತದೆಂಬುದು ಹಿಂದಿನವರ ಬರವಣಿಗೆಯ ಮಸಿಗೆ ಚೆನ್ನಾಗಿ ಗೊತ್ತು. ಕೆಂಪಗಾಗಬೇಕಿದ್ದ ಪಟ್ಟಿಯ ಅಂಚಿನಲ್ಲಿ ಮೊದಲು ಬೂದು ನೆರಳೊಂದು ಕಾಣಿಸಿತು, ನೋಡುತ್ತಿದ್ದಂತೆ ಅದು ನೀಲಿಗಪ್ಪಾಗಿ ಹೊಲಿಗೆಯ ತೂತುಗಳ ಸುತ್ತ ಹಬ್ಬಿ, ಚರ್ಮವಿಡೀ ಕಾಡಿಗೆಯಾಯಿತು. ಹಿರಿಯರು ಅದನ್ನು ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದು, "ವಿಂಡೊಲಾಂಡದಲ್ಲಿ ಥೇಟ್ ಇದೇ ಬಣ್ಣ ಕಂಡಿದ್ದೇನೆ" ಎಂದರು. ಮ್ಯೂಸಿಯಂ ಮೆಚ್ಚುವ ಬಣ್ಣ ಅದೊಂದೇ ಎಂಬುದನ್ನು ನಾನೂ ಒಪ್ಪಬೇಕಾಯಿತು.

ಮುಂದಿನ ಸರದಿಗೆ ತಾಮ್ರದ ಪಾತ್ರೆ ಬಂತು, ಕೆಂಪೂ ಬಂತು. ಇಟ್ಟಿಗೆಯ ಬಣ್ಣಕ್ಕಿಂತ ಒಂದು ಕೈ ಮೇಲೆನ್ನಬಹುದಾದ ಗಂಭೀರವಾದ ಕೆಂಪು. ಪದೇಪದೇ ಜಾಲಿಸಿದರೆ ಆ ಗಾಂಭೀರ್ಯ ಕುಂದೀತೆಂದು ಬಳಗ ಒಮ್ಮತದಿಂದ ತೀರ್ಮಾನಿಸಿ ನೀರಿನಲ್ಲಿ ಒಮ್ಮೆ ಅದ್ದಿ ಒಣಹಾಕಿತು. ಮೈದಾನದ ಪ್ರದರ್ಶನದ ದಿನ ನಾವು ನೇರಳೆ ಪಟ್ಟೆಗಳಿದ್ದ ಬಿಳಿಯ ನಿಲುವಂಗಿಗಳ ಮೇಲೆ ಅದನ್ನು ಬಿಗಿದು ಸಾಲಾಗಿ ನಿಂತೆವು. ಜುಲೈ ತಿಂಗಳಾದ್ದರಿಂದ ಇಂಗ್ಲೆಂಡಿನಲ್ಲಿ ಮಳೆಯೂ ಬಂತು. ಅಂಗೈ ಅಗಲದ ಪಟ್ಟಿ ಬಿಟ್ಟ ಬಣ್ಣವೂ ಅಂಗೈ ಅಗಲವೇ ತಾನೆ? ಕವಾಯತು ಮುಗಿಯುವಷ್ಟರಲ್ಲಿ ಇಡೀ ಪಡೆ ಸೊಂಟದಿಂದ ಮೊಣಕಾಲಿನವರೆಗೆ ಗುಲಾಬಿಯಾಗಿತ್ತು. ಪ್ರೇಕ್ಷಕರೊಬ್ಬರು ನನ್ನ ನಿಲುವಂಗಿಯ ಫೋಟೊ ತೆಗೆದುಕೊಂಡು, ಈ ಅಪರೂಪದ ಅಲಂಕಾರಕ್ಕೆ ಆಧಾರವೇನೆಂದು ಬಹು ವಿನಯದಿಂದ ವಿಚಾರಿಸಿದರು. "ಸ್ಥಳೀಯ ಪದ್ಧತಿ" ಎಂದೆ. ಅವರು ಅದನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು.