ಸ್ಟಾರ್ ಹೋಯ್ತು, ಕೆರೆ ಬಂತು

ನಮ್ಮ ಪಹಣಿಯಲ್ಲಿ ಸರ್ವೆ ನಂಬರ್ 47/*/2 ಅಂತಿದೆ. ನಡುವಿನ ನಕ್ಷತ್ರ ನಾನು ಶೋಕಿಗೆ ಇಟ್ಟಿದ್ದಲ್ಲ. ಸರ್ವೆ ನಂಬರಿಗೂ ಹಿಸ್ಸಾಕ್ಕೂ ನಡುವೆ ಸರ್ನೋಕ್ ಅಂತ ಒಂದು ಖಾನೆ ಇರುತ್ತದೆ. ಎಷ್ಟೋ ಪಹಣಿಗಳಲ್ಲಿ ಅಲ್ಲಿ ಕೂತಿರುವುದು ಈ ಸ್ಟಾರೇ. ಸರ್ಕಾರವೇ ಕೂರಿಸಿದ್ದು.

ಮಳೆಗೆ ಕಾಫಿ ಉದುರಿತು. ಪರಿಹಾರಕ್ಕೆ ಆನ್‌ಲೈನ್ ಅರ್ಜಿ ಹಾಕಲು ಆಲೂರಿನಿಂದ ಬಸ್ಸು ಹತ್ತಿ ಹಾಸನಕ್ಕೆ ಬಂದೆ. ಬಿ.ಎಂ. ರಸ್ತೆಯ ಕಂಪ್ಯೂಟರ್ ಸೆಂಟರಿನ ಹುಡುಗ ಟೈಪ್ ಮಾಡಿ ಮುಖ ಹುಳ್ಳಗೆ ಮಾಡಿದ.

‘ಅಣ್ಣ, ಸ್ಟಾರ್ ತಗೋತಿಲ್ಲ. ವಿಶೇಷ ಚಿಹ್ನೆಗೆ ಅವಕಾಶ ಇಲ್ವಂತೆ.’

‘ತೆಗೆದುಬಿಡಪ್ಪ.’

ತೆಗೆದ. ಓರೆಗೀಟೂ ಬೇಡ ಅಂತು. ಅದನ್ನೂ ತೆಗೆದ. ನನ್ನ ಇನಿಶಿಯಲ್ ಪಕ್ಕದ ಚುಕ್ಕಿಯೂ ಹೋಯಿತು. ಕೊನೆಗೆ ಪಾಸ್‌ವರ್ಡ್ ಕೇಳಿತು. ಅದರಲ್ಲಿ ಮಾತ್ರ ಒಂದಾದರೂ ವಿಶೇಷ ಚಿಹ್ನೆ ಇರಲೇಬೇಕಂತೆ! ನನ್ನ ಸ್ಟಾರನ್ನು ಅಲ್ಲಿ ಹಾಕಿಸಿದೆ. ಅದಕ್ಕೂ ಒಂದು ನೆಲೆ ಬೇಕಲ್ವಾ.

ಅಕ್ಕನ ಮಗನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕ. ಅವನೊಂದು ಹಳೇ ಮಾದರಿಯ ಆಟ ಕಟ್ಟುತ್ತಿದ್ದಾನೆ. ಚಿತ್ರವಿಲ್ಲ, ಬರೀ ಅಕ್ಷರ. ‘ಉತ್ತರಕ್ಕೆ’ ಅಂತ ಟೈಪ್ ಮಾಡಿದರೆ ಉತ್ತರಕ್ಕೆ ಹೋಗುತ್ತೀರಿ, ಅಲ್ಲಿ ಇನ್ಯಾರೋ ನಿಂತಿರುತ್ತಾರೆ. ಇಂಥ ಆಟಕ್ಕೆ ಮಡ್ ಅನ್ನುತ್ತಾರೆ. ಮೊದಲನೆಯದು 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಇವನದು 1990ರ ಆಸುಪಾಸಿನಲ್ಲಿ ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳು ಬರೆದ ಡಿಕುಮಡ್ ಅನ್ನೋ ಆಟದ ಸಂತಾನ.

ಅದರಲ್ಲಿ ಶೆಟ್ಟಿಹಳ್ಳಿಯ ಮುಳುಗು ಚರ್ಚನ್ನು ಕಟ್ಟಿದ್ದ. ಹೇಮಾವತಿಯ ಅಲೆ ತೋರಿಸೋಣ ಅಂತ ವರ್ಣನೆಯ ನಡುವೆ ~ ~ ~ ಎಂದು ಒತ್ತಿದ್ದ. ಆ ಆಟದ ಕಡತದಲ್ಲಿ ಅಲೆಗೀಟು ಅಂದರೆ ‘ಬರಹ ಇಲ್ಲಿಗೆ ಮುಗಿಯಿತು’ ಅಂತ. ಮೊದಲ ಅಲೆಗೇ ವರ್ಣನೆ ಮುಗಿಯಿತು. ಮುಂದಿರುವುದು ಆ ಜಾಗದ ಲೆಕ್ಕದ ಅಂಕಿ ಅಂದುಕೊಂಡು ಆಟ ಉಳಿದ ಮಾತನ್ನು ಓದಲು ಹೋಗಿ ಕುಸಿದು ಬಿತ್ತು. ಮಳೆಗಾಲಕ್ಕೆ ಮೊದಲೇ ಚರ್ಚು ಮುಳುಗಿತು.

‘ಆಮೇಲೆ? ಅಲೆಗೀಟು ನಿಷೇಧಿಸಿದೆಯಾ?’

‘ಯಾಕೆ ಮಾಮ? ಉಳಿಸುವಾಗ ಅದನ್ನ ಸುಮ್ನೆ ಅಡ್ಡಗೀಟು ಮಾಡೋ ನಾಲ್ಕು ಸಾಲು ಇದೆ. ಡಾಲರ್ ಚಿಹ್ನೆಗೂ ಒಂದು ಉಪಾಯ ಇದೆ. ಆ ಚಿಹ್ನೆ ಇದ್ದ ಜಾಗಕ್ಕೆ ಆಟ ತಾನೇ ಆಟಗಾರರ ಹೆಸರು ತುಂಬುತ್ತೆ. ಅದಕ್ಕೇ ಯಾರಾದ್ರೂ ಒತ್ತಿದ್ರೆ ಎರಡು ಮಾಡಿ ಇಟ್ಕೊಂಡು ಒಂದೇ ತೋರಿಸುತ್ತೆ.’

ಒಳಗೆ ಬಂದದ್ದನ್ನು ಆಜ್ಞೆ ಅಂತ ಓದದೆ ಅಕ್ಷರ ಅಂತ ಇಟ್ಟುಕೊಳ್ಳುವುದು, ಅಷ್ಟೇ ಗುಟ್ಟು. ದೆವ್ವ, ಡ್ರ್ಯಾಗನ್ ಹೊಡೆಯುವ ಪುಕ್ಕಟೆ ಆಟಕ್ಕೆ ಮೂವತ್ತು ವರ್ಷದ ಹಿಂದೆಯೇ ಬಂದ ಈ ಬುದ್ಧಿ, ಟೆಂಡರ್ ಕರೆದು ಮಾಡಿಸಿದ ಅರ್ಜಿಗೆ ಬಂದಿಲ್ಲ. ಸ್ಟಾರ್ ಕಂಡರೆ ಅದಕ್ಕೆ ಗೂಳಿ ಕಂಡ ಹಾಗೆ.

ಅಂದಹಾಗೆ ನನ್ನ ಅರ್ಜಿ ಏನಾಯ್ತು ಗೊತ್ತಾ? ಸ್ಟಾರೂ ಗೀಟೂ ಹೋಗಿ ಉಳಿದದ್ದು 472. ಅದು ನಮ್ಮೂರ ಕೆರೆ. ಮೊನ್ನೆ ನೋಟಿಸ್ ಬಂತು: ಕೆರೆ ಅಂಗಳದಲ್ಲಿ ಕಾಫಿ ಬೆಳೆದದ್ದು ಹೇಗೆ, 15 ದಿನದೊಳಗೆ ವಿವರಿಸಿ. ಉತ್ತರವನ್ನೂ ಆನ್‌ಲೈನಿನಲ್ಲೇ ಕೊಡಬೇಕು, ನೋಟಿಸ್ ಸಂಖ್ಯೆ ಇದ್ದ ಹಾಗೆಯೇ ನಮೂದಿಸಬೇಕು.

ಮತ್ತೆ ಅದೇ ಹುಡುಗನ ಮುಂದೆ ನೋಟಿಸ್ ಹರಡಿದೆ. ಸಂಖ್ಯೆಯಲ್ಲಿ ಮೂರು ಓರೆಗೀಟು, ಎರಡು ಚುಕ್ಕಿ, ಒಂದು ಜೊತೆ ಕಂಸ. ಅವನು ಅದನ್ನೇ ಸ್ವಲ್ಪ ಹೊತ್ತು ನೋಡಿದ.

‘ಅಣ್ಣ, ಮೊದ್ಲು ಒಂದು ಕಾಫಿ ಕುಡ್ಕೊಂಡು ಬರೋಣ.’